ಮೌಸ್ ಬೇಡ ಎಂದ ಮೇಡಂ

ಸತ್ತವರೆಲ್ಲ ಸಾಧುಗಳೇ. ಕಳೆದ ತಿಂಗಳು ಬಸವೇಶ್ವರನಗರದಲ್ಲಿ ಒಬ್ಬರ ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಎಲೆಯ ಮುಂದೆ ಕೂತಿದ್ದಾಗ ಪಕ್ಕದವರು, "ಬಹಳ ಸಾಧು ಹೆಂಗಸು ಕಣ್ರೀ, ಯಾರಿಗೂ ಒಂದು ಮಾತು ಅಂದೋರಲ್ಲ" ಎಂದರು. ನಾನು ಹೋಳಿಗೆ ಮುರಿದೆ. ಆಕೆ ನನಗೊಬ್ಬನಿಗೇ ಅಂದ ಮಾತುಗಳನ್ನು ಅವರ ಇಡೀ ಬೀದಿಗೆ ಹಂಚಬಹುದಿತ್ತು. ಊಟ ಮುಗಿಸಿ ಕುರುಬರಹಳ್ಳಿಯವರೆಗೆ ನಡೆದು ಬಸ್ಸಿಗೆ ಕಾಯುತ್ತ ನಿಂತಾಗ ಸುಸ್ತು ಹತ್ತಿಕೊಂಡಿತು. ವಯಸ್ಸಿನ ಸುಸ್ತೋ, ಆ ಮಾತು ಕೇಳಿದ ಸುಸ್ತೋ ತಿಳಿಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ; ಹೆಸರು ಹಾಕಿ ಹೊಗಳಿದರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಬೇರೆಯವರನ್ನು ಹೆಸರು ಸೇರಿಸಿ ಮೇಡಂ ಎನ್ನುತ್ತಿದ್ದೆವು. ಇವರು ಬರೀ ಮೇಡಂ.

ಕಾಲೇಜು ಕೆಂಗೇರಿಯಿಂದ ಆಚೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ವಿಭಾಗವೆಂದರೆ ಮದುವೆಮನೆಯಲ್ಲಿ ಅಡುಗೆಯವರಿದ್ದ ಹಾಗೆ. ಅವರಿಲ್ಲದೆ ಕೆಲಸ ನಡೆಯದು, ಫೋಟೋದಲ್ಲಿ ಮಾತ್ರ ಅವರು ಇರುವುದಿಲ್ಲ. ನಾವು ಐದು ಮಂದಿ ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು. ಮೇಡಂ ಎಲ್ಲರಿಗಿಂತ ಹಿರಿಯರು, ನನ್ನ ಮೇಜು ಅವರ ಮೇಜಿಗೆ ಅಂಟಿಕೊಂಡಿತ್ತು. ಬೆಳಿಗ್ಗೆ ಕಾಲೇಜಿನ ಬಸ್ಸು ಬಸವೇಶ್ವರನಗರದಲ್ಲಿ ಅವರನ್ನು ಹತ್ತಿಸಿಕೊಂಡು ವಿಜಯನಗರಕ್ಕೆ ಬರುತ್ತಿತ್ತು. ನಾನು ಹತ್ತುವ ಹೊತ್ತಿಗೆ ಅವರು ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ಪಕ್ಕದ ಜಾಗದಲ್ಲಿ ಕೈಚೀಲ ಇಟ್ಟಿರುತ್ತಿದ್ದರು. ನನ್ನನ್ನು ನೋಡಿದ ಮೇಲೆ ಚೀಲ ತೆಗೆಯುತ್ತಿದ್ದರು, ಪ್ರೀತಿಯಿಂದಲ್ಲ. "ನೀವು ನಿದ್ದೆ ಹೊಡೀತೀರಿ ಮೇಷ್ಟ್ರೆ, ಮಾತಾಡಲ್ಲ. ಅದಕ್ಕೇ ನಿಮಗೆ ಜಾಗ" ಎಂದು ಮೊದಲ ವಾರವೇ ಹೇಳಿಬಿಟ್ಟಿದ್ದರು.

ಅವರ ಖ್ಯಾತಿ ಇದ್ದದ್ದು ಕಪ್ಪು ಹಲಗೆಯಲ್ಲಿ. ತರಗತಿಗೆ ಹೋದೊಡನೆ ಹೊಸ ಚಾಕ್‌ಪೀಸನ್ನು ಎರಡಾಗಿ ಮುರಿಯುತ್ತಿದ್ದರು. "ಇಡೀ ಚಾಕ್‌ಪೀಸು ಕಿರುಚುತ್ತೆ. ಅರ್ಧ ಮಾಡಿದ್ರೆ ಬಾಯ್ಮುಚ್ಕೊಂಡು ಕೆಲಸ ಮಾಡುತ್ತೆ. ಲೆಕ್ಚರರ್‌ಗಳೂ ಅಷ್ಟೇ" ಎಂಬುದು ಅವರ ಗಾದೆ. ಹಲಗೆಯನ್ನು ನಾಲ್ಕು ಮನೆ ಮಾಡಿ ಎಡದಿಂದ ಬರೆಯುತ್ತ ಹೋದರೆ, ಗಂಟೆ ಹೊಡೆಯುವಾಗ ಕೊನೆಯ ಮನೆಯ ಕೊನೆಯ ಸಾಲು ಮುಗಿದಿರುತ್ತಿತ್ತು. ಅಕ್ಷರ ಮುದ್ರಿಸಿದಂತೆ. ಬಣ್ಣದ ಚಾಕ್‌ಪೀಸು ಕಂಡರೆ ಮೂಗು ಮುರಿಯುತ್ತಿದ್ದರು, ಅದು ರಂಗೋಲಿಗೆ ಎಂದು. ಇನ್ನು ಸ್ಲೈಡ್ ತೋರಿಸಿ ಪಾಠ ಮಾಡುವ ಕಂಪ್ಯೂಟರ್ ಸೈನ್ಸ್‌ನವರ ಬಗ್ಗೆ ಕೇಳುವುದೇ ಬೇಡ. "ಅವರದು ಪಾಠ ಅಲ್ಲ ಮೇಷ್ಟ್ರೆ, ಮದುವೆ ಆಲ್ಬಂ. ಪುಟ ತಿರುವಿ ತೋರಿಸ್ತಾರೆ, ನಾವು ಹೂಂ ಹೂಂ ಅಂತೀವಿ" ಎನ್ನುತ್ತಿದ್ದರು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಎರಡು ಸಾವಿರದ ಐದೋ ಆರೋ ಇರಬೇಕು, ಪರಿಶೀಲನಾ ತಂಡ ಬರುತ್ತದೆಂದು ಕಾಲೇಜಿಗೆ ಕಾಲೇಜೇ ಸುಣ್ಣ ಬಳಿಸಿಕೊಂಡಿತು. ತರಗತಿಗಳ ಸೂರಿಗೆ ಪ್ರೊಜೆಕ್ಟರ್ ತೂಗುಬಿದ್ದವು. ಎಲ್ಲ ವಿಭಾಗದವರೂ ಸ್ಲೈಡಿನಲ್ಲೇ ಪಾಠ ಮಾಡಬೇಕು, ಯಾವ ತಂತ್ರಾಂಶ ಬಳಸುತ್ತೀರೆಂದು ಬರೆದುಕೊಡಬೇಕು ಎಂಬ ಸುತ್ತೋಲೆ ಬಂತು. ನಮ್ಮ ವಿಭಾಗದ ಮುಖ್ಯಸ್ಥರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯವರು. "ಎಲ್ಲರೂ ಪವರ್‌ಪಾಯಿಂಟ್ ಅಂತಾನೇ ಬರೀತಾರೆ. ನಾವೂ ನೋಡಿದ ಹಾಗೆ ಮಾಡಿ ಅದನ್ನೇ ಬರೆಯೋಣ. ಯಾರಾದರೂ ಇಬ್ಬರು ತಂತ್ರಾಂಶ ನೋಡಿ ಒಂದು ವರದಿ ಕೊಡಿ" ಎಂದರು. ಯಾರೂ ತಲೆ ಎತ್ತಲಿಲ್ಲ. ಮೇಡಂ, "ನಾನೂ ಈ ಮೇಷ್ಟ್ರೂ ನೋಡ್ತೀವಿ ಸಾರ್" ಎಂದರು. ನಾನು ಕಿವಿ ಕೆರೆದುಕೊಂಡೆ. ಆಲ್ಬಂ ಎಂದು ಬೈಯುತ್ತಿದ್ದವರಿಗೆ ಏನಾಯಿತು, ಅದರಲ್ಲಿ ನನ್ನನ್ನೇಕೆ ಎಳೆದರು ಎಂದು ಕಿರಿಕಿರಿಯಾಯಿತು.

ನಾಲ್ಕು ಗಂಟೆಗೆ ತರಗತಿ ಮುಗಿಸಿ ಇಬ್ಬರೂ ಲ್ಯಾಬಿನಲ್ಲಿ ಕೂರತೊಡಗಿದೆವು. ಮೊದಲು ಪವರ್‌ಪಾಯಿಂಟ್ ತೆರೆದೆ. ಗಣಿತದ ಸೂತ್ರ ಬರೆಯಬೇಕಾದರೆ ಅದರಲ್ಲಿ ಒಂದು ಪುಟ್ಟ ಪೆಟ್ಟಿಗೆ ಬರುತ್ತಿತ್ತು. ಬೇಕಾದ ಚಿಹ್ನೆಯ ಮೇಲೆ ಮೌಸ್ ಒಯ್ದು ಒತ್ತಬೇಕು, ಆಮೇಲೆ ಅದರ ಮೇಲಿನ ಕಿರುಜಾಗದಲ್ಲಿ ಒತ್ತಬೇಕು, ಕೆಳಗಿನ ಕಿರುಜಾಗದಲ್ಲಿ ಇನ್ನೊಮ್ಮೆ. ನಾನು ಒಂದು ಇಂಟಿಗ್ರಲ್ ಬರೆದು ತೋರಿಸಿ ಮೌಸನ್ನು ಅವರ ಕಡೆ ತಳ್ಳಿದೆ. ಅವರು ಮುಟ್ಟಲೇ ಇಲ್ಲ. ಪರದೆಯನ್ನು ನೋಡಿ, "ಇದು ಬೇಡ. ಮೌಸ್ ಇಲ್ಲದೆ ಆಗೋದು ಯಾವುದಿದೆ?" ಎಂದರು.

"ಮುಟ್ಟಿ ನೋಡದೆ ಬೇಡ ಅಂದ್ರೆ ಹೇಗೆ ಮೇಡಂ?"

"ಗಂಡು ನೋಡೋವಾಗ ಎಲ್ಲರನ್ನೂ ಮುಟ್ಟಿ ನೋಡ್ತಾರೇನ್ರೀ? ಬೇಡ ಅಂದ್ರೆ ಬೇಡ. ಮುಂದಿನ ಗಂಡು ತೋರಿಸಿ."

ಮುಂದಿನ ಗಂಡೆಂದರೆ ಲೇಟೆಕ್. ಗಣಿತದವರು ಪ್ರಬಂಧ, ಪುಸ್ತಕ ಅಚ್ಚುಕಟ್ಟಾಗಿ ಮುದ್ರಿಸಲು ಬಳಸುವ ಉಚಿತ ತಂತ್ರಾಂಶ ಅದು. ಅದರಲ್ಲಿ ಚಿಹ್ನೆಯನ್ನು ಹುಡುಕಿ ಒತ್ತುವುದಿಲ್ಲ, ಚಿಹ್ನೆಯ ಹೆಸರನ್ನು ಟೈಪ್ ಮಾಡಿದರೆ ಅದೇ ಬರೆದುಕೊಡುತ್ತದೆ. ಅದರೊಳಗೆ ಸ್ಲೈಡ್ ಮಾಡುವ ದಾರಿಗಳು ಒಂದೆರಡಲ್ಲ. ಯಾವುದು ವಾಸಿ ಎಂದು ಹೇಳುವವರು ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಲ್ಯಾಬಿನ ಇಂಟರ್‌ನೆಟ್ ಆಮೆ. ನಾನು ಸಂಜೆ ವಿಜಯನಗರದ ಸೈಬರ್ ಕೆಫೆಯಲ್ಲಿ ಕೂತು ಒಂದೊಂದನ್ನೂ ಇಳಿಸಿಕೊಂಡು ಸಿಡಿಯಲ್ಲಿ ತರುತ್ತಿದ್ದೆ. ಮನೆಯಲ್ಲಿ ಹೆಂಡತಿ, ಇದಕ್ಕೇನು ಸಂಬಳ ಜಾಸ್ತಿ ಕೊಡ್ತಾರಾ ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದೇ.

ಒಂದು ಹಳೆಯ ಕಾಲದ್ದು, ಪಾರದರ್ಶಕ ಹಾಳೆಗಳ ಮೇಲೆ ಅಚ್ಚು ಹಾಕುವುದಕ್ಕೆಂದು ಮಾಡಿದ್ದು. ಅದರಲ್ಲಿ ಸ್ಲೈಡು ಬಂದರೆ ಇಡಿಯಾಗಿ ಬರುತ್ತಿತ್ತು. ಮೇಡಂ ತಲೆ ಅಲ್ಲಾಡಿಸಿದರು. "ಒಂದೊಂದೇ ಸಾಲು ಬರಬೇಕು. ಉತ್ತರ ಮೊದಲೇ ಕಂಡ್ರೆ ಯಾವ ಹುಡುಗ ಪ್ರಶ್ನೆ ಓದ್ತಾನೆ?" ಇನ್ನೊಂದರಲ್ಲಿ ಸಾಲು ಸಾಲಾಗಿ ಬರುತ್ತಿತ್ತು, ನೋಡಲೂ ಚೆನ್ನಾಗಿತ್ತು. ಆದರೆ ಟೈಪ್ ಮಾಡಿದ್ದನ್ನು ಒಂದಾದ ಮೇಲೊಂದು ಮೂರು ಬಗೆಯ ಕಡತ ಮಾಡಿ ದಾಟಿಸಿದರೆ ಮಾತ್ರ ಪರದೆಗೆ ಬರುತ್ತಿತ್ತು. ನಮ್ಮ ಲ್ಯಾಬಿನಲ್ಲಿ ಒಂದು ದಿನ ದಾಟಿದ್ದು ಮರುದಿನ ದಾಟುತ್ತಿರಲಿಲ್ಲ. "ಈ ಗಂಡು ಮೂರು ಬಸ್ ಬದಲಾಯಿಸಿ ಬರ್ತಾನೆ, ಮುಹೂರ್ತಕ್ಕೆ ಸಿಗಲ್ಲ" ಎಂದು ಅದನ್ನೂ ಕಳಿಸಿದರು. ಕೊನೆಗೆ ಹೊಸದಾಗಿ ಬಂದಿದ್ದ ಬೀಮರ್ ಎಂಬುದನ್ನು ತಂದೆ. ಟೈಪ್ ಮಾಡಿ ಒಂದು ಸಲ ಓಡಿಸಿದರೆ ಸಾಕು, ಪಿಡಿಎಫ್. ಎಲ್ಲಿ ನಿಲ್ಲಬೇಕೋ ಅಲ್ಲಿ 'ಪಾಸ್', ಅಂದರೆ ನಿಲ್ಲು, ಎಂದು ಒಂದು ಪದ ಬರೆದರೆ ಸ್ಲೈಡು ಅಲ್ಲಿ ನಿಲ್ಲುತ್ತದೆ, ಕೀ ಒತ್ತಿದರೆ ಮುಂದಿನ ಸಾಲು ಬರುತ್ತದೆ.

"ಯಾವ ಕೀ?"

"ಯಾವುದಾದ್ರೂ. ಸ್ಪೇಸ್ ಬಾರ್ ಒತ್ತಿದ್ರೂ ಆಗುತ್ತೆ."

ಅವರು ಎಡಗೈ ಚಾಚಿ, ಎಲ್ಲಕ್ಕಿಂತ ಉದ್ದದ ಆ ಕೀಲಿಯನ್ನು ಒತ್ತಿದರು. ಒಂದು ಸಾಲು ಬಂತು. ಇನ್ನೊಮ್ಮೆ ಒತ್ತಿದರು. ಅವರ ಮುಖದಲ್ಲಿ ಅಷ್ಟು ಹಗುರವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅದೇ ವಾರ ಎರಡನೇ ಸೆಮಿಸ್ಟರಿನ ಕ್ಲಾಸ್ ಲೀಡರ್ ಹುಡುಗಿ ನನ್ನ ಹತ್ತಿರ ಬಂದು, "ಸಾರ್, ನೀವು ಸ್ವಲ್ಪ ಹೇಳ್ತೀರಾ? ಮೇಡಂ ಬೋರ್ಡ್ ಮೇಲೆ ಬರೆದ ತಕ್ಷಣ ಒರೆಸಿಬಿಡ್ತಾರೆ. ನಮಗೆ ಬರ್ಕೊಳ್ಳೋಕೇ ಆಗ್ತಿಲ್ಲ" ಎಂದಳು. ಗಂಟೆ ಹೊಡೆಯುವವರೆಗೆ ಒಂದು ಅಕ್ಷರ ಅಳಿಸದವರು ಅವರು. ಸಂಜೆ ಬಸ್ಸು ನಾಯಂಡಹಳ್ಳಿಯ ಜಾಮಿನಲ್ಲಿ ಎಂದಿನಂತೆ ಸಿಕ್ಕಿಕೊಂಡಾಗ ಅವರಿಗೆ ಅದನ್ನು ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ, ಸೆರಗಿನೊಳಗಿದ್ದ ಬಲಗೈಯನ್ನು ತೆಗೆದು ತೊಡೆಯ ಮೇಲೆ ಇಟ್ಟರು. ಬಸ್ಸು ನಿಂತಿತ್ತು, ಎಂಜಿನ್ ಆಫ್ ಆಗಿತ್ತು. ಆ ಕೈ ಮಾತ್ರ ನಡುಗುತ್ತಲೇ ಇತ್ತು.

"ಹೀಗಿರೋ ಕೈಲಿ ಬರೆದದ್ದನ್ನ ಎಷ್ಟು ಹೊತ್ತು ಇಟ್ಕೊಳ್ಳಲಿ ಮೇಷ್ಟ್ರೆ? ಹುಡುಗರು ನೋಡೋಕೆ ಮುಂಚೆ ಒರೆಸ್ತೀನಿ."

ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದೆ. ತೋರಿಸಿದ್ದರು. ಡಾಕ್ಟರು ಏನೋ ಹೆಸರು ಹೇಳಿದ್ದರು, ಮಾತ್ರೆ ಕೊಟ್ಟಿದ್ದರು, ನಿಧಾನವಾಗಿ ಹೆಚ್ಚುತ್ತದೆ ಎಂದಿದ್ದರು.

"ರಿಟೈರ್ ಆಗೋಕೆ ಇನ್ನೂ ಒಂದೂವರೆ ವರ್ಷ ಇದೆ. ಯಾರಿಗೂ ಹೇಳ್ಬೇಡಿ. ಗೊತ್ತಾದ್ರೆ ಕ್ಲಾಸ್ ಕಿತ್ತು ಎಕ್ಸಾಮ್ ಸೆಕ್ಷನ್‌ನಲ್ಲಿ ಕೂರಿಸ್ತಾರೆ. ಅಲ್ಲಿ ಕೂತು ಕವರಿಗೆ ಅಂಟು ಹಚ್ಚೋಕೆ ನಾನು ಎಂ.ಎಸ್ಸಿ. ಓದಿದ್ದಲ್ಲ. ಮನೇಲಿ ಹೇಗೋ ಇರ್ತೀನಿ, ಕ್ಲಾಸಲ್ಲಿ ಮಾತ್ರ ನಾನು ನಾನಾಗಿರ್ತೀನಿ."

ಮೌಸ್ ಯಾಕೆ ಬೇಡವೆಂದರೋ ಆಗ ಅರ್ಥವಾಯಿತು. ಆ ಕೈಗೆ ಪರದೆಯ ಮೇಲಿನ ಬಾಣ ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೀಬೋರ್ಡಾದರೆ ಎಡಗೈಯ ಒಂದೊಂದೇ ಬೆರಳಿನಲ್ಲಿ ಕುಟ್ಟಬಹುದು. ಹಿಂದಿನ ಬೆಂಚಿನವರೂ ಮೂಗು ಮುರಿಯುವಂತಿಲ್ಲದ ಅಕ್ಷರ ಪರದೆಯ ಮೇಲೆ ಬರುತ್ತದೆ. ಮೊದಲ ಸಲ ಆ ಬಸ್ಸಿನಲ್ಲಿ ನಾನು ದೀಪಾಂಜಲಿ ನಗರ ದಾಟಿದರೂ ನಿದ್ದೆ ಮಾಡಲಿಲ್ಲ.

ಆಮೇಲೆ ಎರಡು ತಿಂಗಳು ಎಡಗೈಯಲ್ಲಿ ಕುಟ್ಟಿ ಕುಟ್ಟಿ ಒಂದು ಇಡೀ ಅಧ್ಯಾಯದ ಸ್ಲೈಡುಗಳನ್ನು ಸಿದ್ಧಮಾಡಿದರು. ನಾನು ಸಹಾಯ ಮಾಡಲು ಹೋದರೆ, "ನಿಮ್ಮ ಕ್ಲಾಸಿಗೆ ನೀವು ಮಾಡ್ಕೊಳ್ಳಿ" ಎಂದು ಗದರುತ್ತಿದ್ದರು. ಆವರಣ ಚಿಹ್ನೆ ಒಂದು ಮುಚ್ಚದೆ ಬಿಟ್ಟರೆ ತಂತ್ರಾಂಶ ಕೆಂಪು ಅಕ್ಷರಗಳನ್ನು ಕಾರಿಕೊಳ್ಳುತ್ತಿತ್ತು. ಆಗ ಅವರು ಅದನ್ನು ಹಠಮಾರಿ ವಿದ್ಯಾರ್ಥಿಯಂತೆ ಮಾತಾಡಿಸುತ್ತಿದ್ದರು. "ಏನೋ ನಿನ್ನ ಗೋಳು? ಸರಿ, ಮುಚ್ಚಿದೆ, ತಗೋ."

ಎಡವಟ್ಟಾದದ್ದು ಮುದ್ರಿಸುವಾಗ. ಪರಿಶೀಲನಾ ತಂಡಕ್ಕೆ ತೋರಿಸಲು ಸ್ಲೈಡುಗಳ ಪ್ರತಿಯನ್ನು ಮುಖ್ಯಸ್ಥರಿಗೆ ಕೊಡಬೇಕಿತ್ತು. ಮೇಡಂ ಕಡತವನ್ನು ಕೆಂಗೇರಿಯ ಜೆರಾಕ್ಸ್ ಅಂಗಡಿಗೆ ಕಳಿಸಿದರು. ಅಂಗಡಿಯವನು ಕೊಟ್ಟ ಕಟ್ಟನ್ನು ಅಟೆಂಡರ್ ಎದೆಗವಚಿಕೊಂಡು ತಂದು ನೇರವಾಗಿ ಮುಖ್ಯಸ್ಥರ ಮೇಜಿನ ಮೇಲೆ ಇಟ್ಟ. ನಿಲ್ಲು ಎಂದು ಹೇಳಿದ ಕಡೆಯಲ್ಲೆಲ್ಲ ಬೀಮರ್ ಒಂದು ಹೊಸ ಪುಟವನ್ನೇ ಮಾಡಿರುತ್ತದೆ. ಪರದೆಯ ಮೇಲೆ ಸಾಲು ಸೇರಿದಂತೆ ಕಾಣುವುದು, ನಿಜವಾಗಿ ಅದೇ ಪುಟ ಒಂದು ಸಾಲು ಹೆಚ್ಚಾಗಿ ಮತ್ತೆ ಬರುವುದು. ಮುದ್ರಿಸುವಾಗ ಆ ಪುಟಗಳು ಬೇಡವೆನ್ನಲು ಮೊದಲ ಸಾಲಿನಲ್ಲಿ ಒಂದು ಪದ ಸೇರಿಸಬೇಕು. ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮುಖ್ಯಸ್ಥರು ಕರೆದಾಗ ಅವರ ಮೇಜಿನ ಮೇಲೆ ಒಂದು ದಿಂಡು ಕಾಗದ ಕೂತಿತ್ತು.

"ಏನ್ ಮೇಡಂ ಇದು? ಒಂದೇ ಪುಟ ಎಷ್ಟು ಸಲ ಪ್ರಿಂಟ್ ಮಾಡಿಸಿದೀರ? ಇಲ್ನೋಡಿ, ಇದೇ ಪುಟ. ಇಲ್ಲೂ ಇದೇ."

"ಒಂದೊಂದು ಸಾಲು ಜಾಸ್ತಿ ಇದೆ ಸಾರ್" ಎಂದರು ಮೇಡಂ.

"ಪ್ರಿನ್ಸಿಪಾಲ್ ಮುಂದೆ ಇದನ್ನ ಹೇಗಿಡ್ಲಿ? ಎಲ್ಲಾ ಡಿಪಾರ್ಟ್‌ಮೆಂಟೂ ಪವರ್‌ಪಾಯಿಂಟ್ ಅಂತ ಬರೆದುಕೊಟ್ಟಾಯ್ತು. ನಾವೊಬ್ಬರೇ ಬೇರೆ ದಾರಿ ಯಾಕೆ? ನಾಳೆಯಿಂದ ಅದರಲ್ಲೇ ಮಾಡಿ. ಇಲ್ಲಾಂದ್ರೆ ನನಗೊಂದು ಸರಿಯಾದ ಕಾರಣ ಕೊಡಿ."

ನಾನು ಕಾರಣ ಕೊಡತೊಡಗಿದೆ. ಮುದ್ರಣದ ತಪ್ಪು ಸರಿಪಡಿಸಬಹುದು, ತಂತ್ರಾಂಶ ಉಚಿತ, ಸೂತ್ರಗಳು ಚೆಂದ ಕಾಣುತ್ತವೆ, ಯಾವ ಕಂಪ್ಯೂಟರಿನಲ್ಲಿಟ್ಟರೂ ಪಿಡಿಎಫ್ ಕೆಡುವುದಿಲ್ಲ. ಹೇಳಿದ್ದೆಲ್ಲ ನಿಜವೇ, ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಮುಖ್ಯಸ್ಥರು, "ಚೆಂದ ಕಟ್ಕೊಂಡು ಏನ್ ಮಾಡ್ತೀರಿ ಸಾರ್?" ಎಂದು ಕಟ್ಟನ್ನು ಪಕ್ಕಕ್ಕೆ ಸರಿಸಿದರು. ಮೇಡಂ ಕಡೆ ನೋಡಿದೆ. ಅವರು ಸೆರಗಿನಿಂದ ಬಲಗೈ ತೆಗೆದು ಆ ಕಾಗದದ ಕಟ್ಟಿನ ಮೇಲೆ ಇಟ್ಟರು. ಮೇಲಿನ ಹಾಳೆಗಳು ಸರಸರ ಸದ್ದು ಮಾಡಿದವು.

"ಇದು ಕಾರಣ ಸಾರ್. ಇದರಲ್ಲಿ ಮೌಸ್ ಹಿಡಿಯೋಕಾಗಲ್ಲ."

ಮುಖ್ಯಸ್ಥರು ಆ ಕೈಯನ್ನು ನೋಡಿದರು. ಎದ್ದು, ತಾವೇ ಕುರ್ಚಿ ಎಳೆದು ಅವರನ್ನು ಕೂರಿಸಿದರು. "ಮೊದಲೇ ಹೇಳ್ಬಾರ್ದಿತ್ತಾ ಮೇಡಂ? ನಾವೇನು ಹೊರಗಿನವರಾ?" ಎಂದರು. ಅವರ ದನಿ ನಿಜಕ್ಕೂ ತಗ್ಗಿತ್ತು. ನಮ್ಮ ವರದಿಗೆ ಅಲ್ಲೇ ಸಹಿ ಮಾಡಿದರು. ಪ್ರಿನ್ಸಿಪಾಲರ ಜತೆ ತಾವೇ ಮಾತಾಡಿ ಗಣಿತ ವಿಭಾಗಕ್ಕೆ ಬೀಮರ್ ಎಂದು ಒಪ್ಪಿಸಿಕೊಂಡು ಬಂದರು. ಹಾವನ್ನೂ ಕೋಲನ್ನೂ ಲೆಕ್ಕಿಸದೆ ಅವರು ಒಂದು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗೆದ್ದೆವೆಂದುಕೊಂಡೆ. ಆ ದಿನ ಬಸ್ಸಿನಲ್ಲಿ ಮೇಡಂ ನನಗೆ ಕಡಲೆಮಿಠಾಯಿ ಕೊಡಿಸಿದರು.

ಮುಂದಿನ ಸೆಮಿಸ್ಟರಿನ ವೇಳಾಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಒಂದು ಪಾಠವೂ ಇರಲಿಲ್ಲ. ಎಕ್ಸಾಮ್ ಸೆಕ್ಷನ್ ಎಂದಿತ್ತು. ಅವರ ತರಗತಿ ನನಗೆ ಬಂದಿತ್ತು. ಮುಖ್ಯಸ್ಥರು ಸ್ಟಾಫ್ ರೂಮಿಗೆ ತಾವೇ ಬಂದು, "ಮೇಡಂಗೆ ಇನ್ಮೇಲೆ ನಿಂತು ಪಾಠ ಮಾಡೋ ಕಷ್ಟ ಬೇಡ. ಆರಾಮಾಗಿ ಕೂತಿರ್ಲಿ. ನಾನೇ ಪ್ರಿನ್ಸಿಪಾಲ್ ಹತ್ರ ಕೇಳ್ಕೊಂಡೆ" ಎಂದು ಎಲ್ಲರೆದುರು ಹೇಳಿದರು. ಉಳಿದವರು, ಎಂಥ ದೊಡ್ಡ ಮನಸ್ಸು ಎಂದರು. ಮೇಡಂ ಎದ್ದು ನಿಂತು, "ಥ್ಯಾಂಕ್ಸ್ ಸಾರ್" ಎಂದರು.

ಸಂಜೆ ಬಸ್ಸಿನಲ್ಲಿ ನಾನೇ ಕುದಿಯುತ್ತಿದ್ದೆ. ನಾಳೆ ಹೋಗಿ ಜಗಳ ಮಾಡೋಣ ಮೇಡಂ ಎಂದೆ.

"ಕೆಟ್ಟವರಾಗಿದ್ರೆ ಜಗಳ ಆಡಬಹುದಿತ್ತು ಮೇಷ್ಟ್ರೆ. ಒಳ್ಳೆಯವರ ಹತ್ರ ಏನಂತ ಆಡೋದು?" ಎಂದು ಕಣ್ಣು ಮುಚ್ಚಿಕೊಂಡರು. ಅಷ್ಟು ವರ್ಷಗಳಲ್ಲಿ ಅವರು ಬಸ್ಸಿನಲ್ಲಿ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಅಂದೂ ನಿದ್ದೆ ಮಾಡಲಿಲ್ಲ, ಮಾತಾಡಬೇಡಿ ಎಂದು ಹಾಗೆ ಕೂತಿದ್ದರು.

ಮರುದಿನ ಒಂದು ಸಿಡಿ ತಂದು ನನ್ನ ಮೇಜಿನ ಮೇಲಿಟ್ಟರು. ಅವರು ಮಾಡಿದ ಸ್ಲೈಡುಗಳು. ಇಟ್ಟು, ಕೆಳಗಿನ ಮಹಡಿಯ ಎಕ್ಸಾಮ್ ಸೆಕ್ಷನ್ನಿಗೆ ಹೋದರು.

ನಾನು ಆ ಸ್ಲೈಡುಗಳಲ್ಲೇ ಪಾಠ ಆರಂಭಿಸಿದೆ. ಡಬಲ್ ಇಂಟಿಗ್ರಲ್ ಎಂಬ ಪಾಠ. ಅದರಲ್ಲಿ ಎರಡು ಇಂಟಿಗ್ರಲ್‌ಗಳ ಕ್ರಮವನ್ನು ಅದಲುಬದಲು ಮಾಡುವಾಗ ಮಿತಿಗಳೆಲ್ಲ ಬೇರೆಯಾಗುತ್ತವೆ. ಆ ಒಂದು ಸಾಲಿನಲ್ಲಿ ಅರ್ಧ ತರಗತಿ ಜಾರಿ ಬೀಳುತ್ತದೆ. ಆ ಸಾಲು ಬಂದ ಮೇಲೆ ಸ್ಪೇಸ್ ಬಾರ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ, ಆಗ ಮುಂದಿನ ಸಾಲು ಬಂತು. ಮುಂದೊಂದು ಸ್ಲೈಡಿನಲ್ಲೂ ಹಾಗೆಯೇ. ಎಡಗೈಯಲ್ಲಿ ಕುಟ್ಟುವಾಗ ನಿಲ್ಲು ಎಂಬ ಪದವನ್ನು ಎರಡು ಸಲ ಹೊಡೆದುಬಿಟ್ಟಿದ್ದಾರೆ ಎಂದುಕೊಂಡು, ಮಧ್ಯಾಹ್ನ ಎಕ್ಸಾಮ್ ಸೆಕ್ಷನ್ನಿಗೆ ಹೋದೆ. ಕವರುಗಳ ರಾಶಿಯ ನಡುವೆ ಕೂತಿದ್ದರು.

"ಮೇಡಂ, ಎರಡು ಮೂರು ಕಡೆ ಕೀ ಒತ್ತಿದ್ರೆ ಏನೂ ಬರ್ತಿಲ್ಲ. ಪಾಸ್ ಜಾಸ್ತಿ ಬಿದ್ದಿದೆ ಅನ್ಸುತ್ತೆ. ತೆಗೆದುಹಾಕ್ಲಾ?"

"ಮುಟ್ಟಬೇಡಿ. ಅದು ಬಿದ್ದಿದ್ದಲ್ಲ, ನಾನು ಹಾಕಿದ್ದು."

"ಅಲ್ಲಿ ಏನೂ ಬರಲ್ವಲ್ಲ?"

"ಬರಬಾರದು. ಇಷ್ಟು ವರ್ಷ ಬೋರ್ಡ್ ಕಡೆ ತಿರುಗಿ, ಹುಡುಗರಿಗೆ ಬೆನ್ನು ತೋರಿಸ್ಕೊಂಡು ಪಾಠ ಮಾಡಿದ್ದಾಯ್ತು. ಯಾರಿಗೆ ಎಲ್ಲಿ ತಪ್ಪಿಹೋಯ್ತು ಅಂತ ಪೇಪರ್ ತಿದ್ದೋವಾಗ್ಲೇ ಗೊತ್ತಾಗ್ತಿತ್ತು. ಇದರಲ್ಲಾದ್ರೆ ಅವರ ಕಡೆ ತಿರುಗಿ ನಿಲ್ಲಬಹುದಲ್ಲ ಅಂತ ಅಲ್ಲೆಲ್ಲಾ ಒಂದೊಂದು ಜಾಗ ಬಿಟ್ಕೊಂಡಿದ್ದೆ. ಅಲ್ಲಿ ಸ್ಕ್ರೀನ್ ನೋಡೋದಲ್ಲ, ಮುಖ ನೋಡೋದು." ಕವರೊಂದನ್ನು ಎಡಗೈಯಿಂದ ಸರಿಸಿದರು. "ಈಗ ನೀವು ನೋಡಿ. ಸಂಜೆ ಬಸ್ಸಲ್ಲಿ ನನಗೆ ಹೇಳಿ."

ಅಂದಿನಿಂದ ಅವರು ನಿವೃತ್ತರಾಗುವವರೆಗೂ ನಾನು ಬಸ್ಸಿನಲ್ಲಿ ನಿದ್ದೆ ಮಾಡಲಿಲ್ಲ. ಮೂರನೇ ಬೆಂಚಿನ ಕನ್ನಡಕದ ಹುಡುಗ ಪೆನ್ನು ಕೆಳಗಿಟ್ಟ, ಬೀದರಿನಿಂದ ಬಂದ ಹುಡುಗಿ ಪಕ್ಕದವಳ ಹಾಳೆ ನೋಡಿದಳು ಎಂದು ಒಪ್ಪಿಸುತ್ತಿದ್ದೆ. ಅವರು ಕೇಳಿ, ಆ ಹುಡುಗನ ಕೈಲಿ ಚಿತ್ರ ಬರೆಸಿ, ಆ ಹುಡುಗಿಯ ಬಾಯಲ್ಲಿ ಮಿತಿಗಳನ್ನು ಹೇಳಿಸಿ ಎಂದು ಮರುದಿನದ ಕೆಲಸ ಹಚ್ಚುತ್ತಿದ್ದರು. ಒಂದು ದಿನ ನನಗೆ ತಲೆನೋವು, ಕಣ್ಣು ಎಳೆಯುತ್ತಿತ್ತು. ಇವತ್ತು ಎಲ್ಲರಿಗೂ ಅರ್ಥವಾಯ್ತು ಮೇಡಂ ಎಂದುಬಿಟ್ಟೆ.

ಅವರು ನನ್ನ ಕಡೆ ತಿರುಗಿ, ತರಗತಿಯ ಹುಡುಗನನ್ನು ನೋಡುವಂತೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು.

"ಸುಳ್ಳು. ಆ ಸಾಲು ಎಲ್ಲರಿಗೂ ಒಂದೇ ಸಲಕ್ಕೆ ಅರ್ಥ ಆಗಲ್ಲ. ನಾಳೆ ಇನ್ನೊಂದು ಸಲ ನೋಡಿ."